ತಿರುವಲ್ಲಿಕ್ಕೇಣಿಯಿಂದ ಹೋದ ಒಂದು ಅರ್ಜಿ

ಭಾನುವಾರ ಬೆಳಗ್ಗೆ ನಮ್ಮ ಸಂಘದ ವಾಚನಾಲಯಕ್ಕೆ ಬರುವವರಲ್ಲಿ ಎರಡು ಬಗೆ. ಊರಿನ ಪತ್ರಿಕೆಗಳನ್ನು ತಿರುವಿಹಾಕಿ, ಮಳೆ ಬಂತೋ ಇಲ್ಲವೋ ಎಂದು ನೋಡಿಕೊಂಡು ಹೋಗುವ ನಮ್ಮಂಥವರು ಒಂದು ಬಗೆ. ಊರಿನಿಂದ ಹೊಸದಾಗಿ ಬಂದಿಳಿದು, ತಿರುವಲ್ಲಿಕ್ಕೇಣಿಯ ಯಾವುದಾದರೊಂದು ಮ್ಯಾನ್ಷನ್ನಿನಲ್ಲಿ ಮೂವರು ನಾಲ್ವರು ಒಂದೇ ಕೋಣೆ ಹಿಡಿದು ಕೆಲಸ ಹುಡುಕುತ್ತಿರುವ ಹುಡುಗರು ಇನ್ನೊಂದು ಬಗೆ. ಈ ಎರಡನೆಯವರು ನಮ್ಮ ಹತ್ತಿರ ಬಂದು, "ಸಾರ್, ನೀವು ಸೆಂಟ್ರಲ್ ಗವರ್ನಮೆಂಟಿನವರು, ಒಂದು ಕವರಿಂಗ್ ಲೆಟರ್ ಬರೆದುಕೊಡಿ" ಎನ್ನುತ್ತಾರೆ. ಗುಮಾಸ್ತೆಯಾದವನಿಗೆ ಪತ್ರ ಬರೆಯುವ ವಿದ್ಯೆ ಕರತಲಾಮಲಕ ಎಂದು ಅವರ ನಂಬಿಕೆ. ನಮ್ಮ ದಿನನಿತ್ಯದ ಪತ್ರಗಳೆಲ್ಲ "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಆರಂಭವಾಗಿ ಯಾರಿಗೂ ಏನೂ ತಿಳಿಯದಂತೆ ಮುಗಿಯುತ್ತವೆ ಎಂಬುದು ಅವರಿಗೆ ಗೊತ್ತಿಲ್ಲ.

ಮೊನ್ನೆ ಬಂದ ಹುಡುಗ ಬಳ್ಳಾರಿ ಕಡೆಯವನು, ಬಿ.ಕಾಂ. ಮಾಡಿದವನು. ಎಲ್ಲಿಂದಲೋ ಇಳಿಸಿಕೊಂಡ ಮಾದರಿ ಪತ್ರವನ್ನು ತಂದಿದ್ದ. ಒಂದು ಪುಟದ ತುಂಬ ಇಂಗ್ಲಿಷಿನ ವಿಶೇಷಣಗಳು. ಆ ಪತ್ರದ ಪ್ರಕಾರ ಅವನು ಚೈತನ್ಯದ ಚಿಲುಮೆ, ಹುಟ್ಟು ನಾಯಕ, ಸವಾಲುಗಳೆಂದರೆ ಪ್ರಾಣ. ಎದುರಿಗೆ ಕೂತಿದ್ದವನು ಮಾತ್ರ ಕಾಫಿ ಕೊಟ್ಟರೆ ಬೇಡ ಎನ್ನಲೂ ಸಂಕೋಚಪಡುವ ಹುಡುಗ. ಪದವಿ ಮುಗಿದ ಮೇಲಿನ ಎರಡು ವರ್ಷದ ಲೆಕ್ಕ ಪತ್ರದಲ್ಲಿ ಎಲ್ಲೂ ಇರಲಿಲ್ಲ. ಕೇಳಿದಾಗ ತಲೆ ತಗ್ಗಿಸಿದ. "ಅಪ್ಪಗ ಪಾರ್ಶ್ವವಾಯು ಆಗಿತ್ತು ಸಾರ್, ಮನಿಯಾಗ ನಾ ಒಬ್ನೇ ಇದ್ದೆ. ಅದನ್ನ ಬರದ್ರ ಕೆಲಸ ಸಿಗಾಂಗಿಲ್ಲ ಅಂತ ಗೆಳ್ಯಾರು ಹೇಳಿದ್ರು."

ಅವನಿಗೆ ನಾವು ಹೇಳಿದ್ದು ಇದೇ ತಿರುವಲ್ಲಿಕ್ಕೇಣಿಯಿಂದ 1912ರಲ್ಲಿ ಹೋದ ಒಂದು ಅರ್ಜಿಯ ಕಥೆ. ಹೇಳುತ್ತ ಹೋದಂತೆ ಇದನ್ನು ನಮ್ಮ ಪತ್ರಿಕೆಯ ಓದುಗರಿಗೂ ಹೇಳಬಹುದೆನ್ನಿಸಿತು.

ಮೊದಲು ಅರ್ಜಿ ಎಂಬ ಮಾತಿನ ಬಗ್ಗೆ ಎರಡು ಮಾತು. ನಮ್ಮ ಹಳೆಯ ಶಾಸನಗಳಲ್ಲಿ ಕೆಳಗಿನವರು ಅರಸನನ್ನು ಕೇಳಿಕೊಳ್ಳುವಾಗ 'ಬಿನ್ನಪಂಗೆಯ್ದು' ಎಂದು ಬರುತ್ತದೆ. ಅದೇ ಮುಂದೆ ಬಿನ್ನಹವಾಯಿತು. ಆಮೇಲೆ ಆದಿಲ್‌ಶಾಹಿಗಳ, ಮರಾಠರ, ಹೈದರ್-ಟಿಪ್ಪೂ ಕಾಲದ ದಫ್ತರಗಳ ದಾರಿಯಾಗಿ ಪಾರಸಿ ಮಾತುಗಳು ಒಳಗೆ ಬಂದವು. ಅರ್ಜಿ ಬಂತು, ಶಿಫಾರಸು ಬಂತು, ಗುಮಾಸ್ತೆ ಬಂದ, ಉಮೇದುವಾರನೂ ಬಂದ. ಉಮೇದು ಎಂದರೆ ಆಸೆ. ಉಮೇದುವಾರ ಎಂದರೆ ಆಸೆ ಹೊತ್ತವನು. ಇಂಗ್ಲಿಷಿನ 'ಕ್ಯಾಂಡಿಡೇಟ್' ಎಂಬ ಮಾತಿನಲ್ಲಿ ಈ ಆರ್ದ್ರತೆ ಇಲ್ಲ. ಈ ಮಾತುಗಳೆಲ್ಲ ಬಂದ ಮೇಲೆ ಇಂಗ್ಲಿಷರು ಬಂದು ಅರ್ಜಿಯ ತಲೆಯಲ್ಲಿ "ಐ ಬೆಗ್ ಟು ಅಪ್ಲೈ", ಬುಡದಲ್ಲಿ "ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್" ಅಂಟಿಸಿದರು. ಬೇಡುವುದು ಹಾಗೆಯೇ ಉಳಿಯಿತು, ಭಾಷೆ ಬದಲಾಯಿತು, ಅಷ್ಟೆ.

ದೊಡ್ಡ ಹುದ್ದೆಗಳಿಗೆ ಪರೀಕ್ಷೆ ಬೇಗನೆ ಬಂತು. ಕಂಪನಿಯ ನಿರ್ದೇಶಕರು ತಮ್ಮ ನೆಂಟರಿಷ್ಟರ ಮಕ್ಕಳನ್ನು ನಾಮಕರಣ ಮಾಡಿ ಹಡಗು ಹತ್ತಿಸುತ್ತಿದ್ದ ಪದ್ಧತಿಯನ್ನು 1854ರ ಮೆಕಾಲೆ ಸಮಿತಿಯ ವರದಿ ಟೀಕಿಸಿತು, 1855ರಲ್ಲಿ ಲಂಡನ್ನಿನಲ್ಲಿ ಮೊದಲ ಸ್ಪರ್ಧಾತ್ಮಕ ಪರೀಕ್ಷೆ ನಡೆಯಿತು. ನಮ್ಮ ಮೈಸೂರಿನಲ್ಲಿ ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ 1891ರಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆ ಆರಂಭವಾಯಿತು. 1907ರಲ್ಲಿ ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ಮೊದಲಿಗರಾಗಿ ಕಲ್ಕತ್ತೆಗೆ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ ಹೋದ ಹದಿನೆಂಟರ ಹುಡುಗ, ಮುಂದೆ ಬೆಂಗಳೂರಿಗೆ ಬಂದು ನೆಲೆಸಿದ ಸಿ. ವಿ. ರಾಮನ್. ಆದರೆ ಇದೆಲ್ಲ ಮೇಲಿನ ಮೆಟ್ಟಲಿನವರ ಮಾತು. ಮೂವತ್ತು ರೂಪಾಯಿಯ ಗುಮಾಸ್ತೆಗಿರಿಗೆ ಅಖಿಲ ಭಾರತ ಮಟ್ಟದ ಪರೀಕ್ಷೆ ಎಲ್ಲಿ? ನಮ್ಮಂಥವರನ್ನು ಆರಿಸುವ ಆಯೋಗ ಹುಟ್ಟಿದ್ದೇ 1975ರಲ್ಲಿ. ಅದಕ್ಕೆ ಮುಂಚಿನ ಕಾಲದಲ್ಲಿ, ಅದರಲ್ಲೂ ಪೋರ್ಟು, ರೈಲ್ವೆ, ವ್ಯಾಪಾರದ ಕಂಪನಿಗಳಲ್ಲಿ, ಉಮೇದುವಾರನ ಬಂಡವಾಳ ಎರಡೇ: ಒಂದು ಹಾಳೆ ಅರ್ಜಿ, ಒಂದು ಹಾಳೆ ಶಿಫಾರಸು.

ರಾಮನ್ ಕಲ್ಕತ್ತೆಗೆ ಹೋದ ವರ್ಷವೇ ಇತ್ತ ಮದರಾಸು ಪ್ರಾಂತದಲ್ಲಿ ಅವರಿಗಿಂತ ಒಂದು ವರ್ಷ ಹಿರಿಯನಾದ ಇನ್ನೊಬ್ಬ ಹುಡುಗ ಎಫ್.ಎ. ಪರೀಕ್ಷೆಯಲ್ಲಿ ನಪಾಸಾದ. ಅವನೇ ಶ್ರೀನಿವಾಸ ರಾಮಾನುಜನ್. ಹುಟ್ಟಿದ್ದು 1887ರ ಡಿಸೆಂಬರ್ 22ರಂದು, ಬೆಳೆದದ್ದು ಕುಂಭಕೋಣದಲ್ಲಿ. ಮೆಟ್ರಿಕ್ಯುಲೇಷನ್ ಚೆನ್ನಾಗಿ ಪಾಸು ಮಾಡಿ ವಿದ್ಯಾರ್ಥಿವೇತನದ ಮೇಲೆ ಕುಂಭಕೋಣದ ಸರ್ಕಾರಿ ಕಾಲೇಜು ಸೇರಿದವರು ಗಣಿತ ಬಿಟ್ಟು ಬೇರೆ ಪುಸ್ತಕ ಮುಟ್ಟದೆ ವೇತನ ಕಳೆದುಕೊಂಡರು. ಮದರಾಸಿನ ಪಚ್ಚಯಪ್ಪ ಕಾಲೇಜಿಗೆ ಬಂದು ಮತ್ತೆ ಪ್ರಯತ್ನಿಸಿದರೂ ಗಣಿತ ಬಿಟ್ಟು ಮಿಕ್ಕದ್ದರಲ್ಲಿ ಕೈಕೊಟ್ಟಿತು. 1909ರಲ್ಲಿ ಜಾನಕಿಯವರೊಡನೆ ಮದುವೆಯಾಯಿತು. ಮದುವೆಯಾದ ಮೇಲೆ ಕೆಲಸ ಹುಡುಕಬೇಕು. ಇದು ಆಗಲೂ ಹಾಗೆಯೇ, ಈಗಲೂ ಹಾಗೆಯೇ.

ಅವರ ಮೊದಲ ಅರ್ಜಿ ಕಾಗದದ ಅರ್ಜಿಯಲ್ಲ. 1910ರ ಕೊನೆಯಲ್ಲಿ ತಿರುಕೋಯಿಲೂರಿಗೆ ಹೋಗಿ ಅಲ್ಲಿ ಡೆಪ್ಯುಟಿ ಕಲೆಕ್ಟರರಾಗಿದ್ದ ವಿ. ರಾಮಸ್ವಾಮಿ ಅಯ್ಯರ್ ಅವರ ಮುಂದೆ ತಮ್ಮ ನೋಟುಬುಕ್ಕನ್ನು ಇಟ್ಟರು. ಬೇಕಾಗಿದ್ದದ್ದು ತಾಲ್ಲೂಕು ಕಚೇರಿಯಲ್ಲಿ ಒಂದು ಸಣ್ಣ ಗುಮಾಸ್ತೆ ಕೆಲಸ. ರಾಮಸ್ವಾಮಿ ಅಯ್ಯರ್ ಸಾಮಾನ್ಯ ಅಧಿಕಾರಿಯಲ್ಲ, 1907ರಲ್ಲಿ ಭಾರತೀಯ ಗಣಿತ ಸಂಘವನ್ನು ಕಟ್ಟಿದವರು. ನೋಟುಬುಕ್ಕು ತೆರೆದು ನೋಡಿ ಬೆರಗಾದರು. ಬೆರಗಾದದ್ದರಿಂದಲೇ ಕೆಲಸ ಕೊಡಲಿಲ್ಲ! ಇಂಥ ಪ್ರತಿಭೆಯನ್ನು ರೆವಿನ್ಯೂ ಇಲಾಖೆಯ ಕಟ್ಟಕಡೆಯ ಮೆಟ್ಟಲಲ್ಲಿ ಕೂರಿಸಿ ಉಸಿರುಗಟ್ಟಿಸಲು ತಮಗೆ ಮನಸ್ಸು ಬರಲಿಲ್ಲವೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಅಯ್ಯರ್ ಅವರದು ಘನವಾದ ಮನಸ್ಸೇ, ಸಂದೇಹವಿಲ್ಲ. ಆದರೆ ಹೊಟ್ಟೆಗಾಗಿ ಬಂದವನು ಪ್ರಶಂಸೆ ತೆಗೆದುಕೊಂಡು ವಾಪಸು ರೈಲು ಹತ್ತಿದನಲ್ಲ, ಆ ಪ್ರಯಾಣ ಹೇಗಿದ್ದಿರಬಹುದು ಎಂದು ನಮಗೆ ಎಷ್ಟೋ ಸಲ ಅನ್ನಿಸಿದೆ. ಬೇಡಿದ್ದು ಹದಿನೈದು ಇಪ್ಪತ್ತು ರೂಪಾಯಿಯ ಕೆಲಸ, ತೋರಿಸಿದ್ದು ಜಗತ್ತಿನಲ್ಲಿ ಯಾರೂ ಕಾಣದ ಸೂತ್ರಗಳು. ಎರಡಕ್ಕೂ ತಾಳೆಯಿಲ್ಲ.

ಅಯ್ಯರ್ ಬರಿಗೈಯಲ್ಲೇನೂ ಕಳಿಸಲಿಲ್ಲ, ಮದರಾಸಿನ ಗೆಳೆಯರಿಗೆ ಪತ್ರ ಕೊಟ್ಟರು. ಆ ಪತ್ರಗಳು ಒಬ್ಬರಿಂದೊಬ್ಬರಿಗೆ ದಾಟಿಸಿ ಕೊನೆಗೆ ನೆಲ್ಲೂರಿನ ಕಲೆಕ್ಟರರಾಗಿದ್ದ ಆರ್. ರಾಮಚಂದ್ರರಾಯರ ಮನೆಗೆ ಮುಟ್ಟಿಸಿದವು. ರಾಯರು ಕಂಡದ್ದು ಗಡ್ಡ ಬೋಳಿಸದ, ಬಟ್ಟೆ ಅಷ್ಟು ಶುಚಿಯಿಲ್ಲದ, ಕುಳ್ಳಗೆ ದಪ್ಪಗಿದ್ದ, ಕಂಕುಳಲ್ಲಿ ಹರಿದ ನೋಟುಬುಕ್ಕು ಇಟ್ಟುಕೊಂಡಿದ್ದ, ಕಣ್ಣುಗಳು ಮಾತ್ರ ಹೊಳೆಯುತ್ತಿದ್ದ ಒಬ್ಬ ಯುವಕನನ್ನು. ಏನು ಬೇಕಪ್ಪಾ ಎಂದು ಕೇಳಿದರೆ, ಊಟಕ್ಕೆ ಆಗುವಷ್ಟು ಸಿಕ್ಕಿ ಕೆಲಸ ಮುಂದುವರಿಸಲು ಬಿಡುವು ಸಿಕ್ಕರೆ ಸಾಕು ಎಂದನಂತೆ. ರಾಯರು ತಿಂಗಳಿಗೆ 25 ರೂಪಾಯಿ ತಮ್ಮ ಕೈಯಿಂದ ಕಳುಹಿಸತೊಡಗಿದರು. ಸುಮಾರು ಒಂದು ವರ್ಷ ಹೀಗೆ ನಡೆಯಿತು. ಇನ್ನೊಬ್ಬರಿಗೆ ಭಾರವಾಗಿ ಬಾಳುವುದು ರಾಮಾನುಜನ್ನರಿಗೆ ಹಿಡಿಸಲಿಲ್ಲ. 1912ರ ಆರಂಭದಲ್ಲಿ ಕೆಲವು ವಾರ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ 20 ರೂಪಾಯಿಯ ಹಂಗಾಮಿ ಕೆಲಸ ಮಾಡಿದರು. ಅದೂ ಮುಗಿಯಿತು.

ಆಗ ಬರೆದದ್ದೇ ಆ ಅರ್ಜಿ. ತಾರೀಖು 1912ರ ಫೆಬ್ರವರಿ 9. ವಿಳಾಸ ತಿರುವಲ್ಲಿಕ್ಕೇಣಿಯ ಸಮ್ಮರ್ ಹೌಸ್. ಬರೆದದ್ದು ಮದರಾಸು ಪೋರ್ಟ್ ಟ್ರಸ್ಟಿನ ಮುಖ್ಯ ಲೆಕ್ಕಾಧಿಕಾರಿಗೆ. ಪತ್ರ ಉಳಿದುಕೊಂಡಿದೆ, ಅಚ್ಚಾಗಿಯೂ ಇದೆ. ನಾವು ಓದಿದ ಅರ್ಜಿಗಳಲ್ಲಿ ಇಷ್ಟು ಚಿಕ್ಕದು ಅಪರೂಪ; ಐದಾರು ವಾಕ್ಯ, ಅಷ್ಟೆ. ತಮ್ಮ ಕಚೇರಿಯಲ್ಲಿ ಒಂದು ಗುಮಾಸ್ತೆ ಹುದ್ದೆ ಖಾಲಿಯಿದೆಯೆಂದು ತಿಳಿದು ಅರ್ಜಿ ಹಾಕುತ್ತಿದ್ದೇನೆ ಎಂಬುದು ಮೊದಲನೆಯದು. ಮೆಟ್ರಿಕ್ಯುಲೇಷನ್ ಪಾಸಾಗಿದೆ, ಎಫ್.ಎ. ತನಕ ಓದಿದ್ದೇನೆ, ಹಲವು ಪ್ರತಿಕೂಲ ಸಂದರ್ಭಗಳಿಂದಾಗಿ ಮುಂದೆ ಓದಲಾಗಲಿಲ್ಲ ಎಂಬುದು ಎರಡನೆಯದು. ಆದರೂ ನನ್ನ ಸಮಯವನ್ನೆಲ್ಲ ಗಣಿತಕ್ಕೆ ಕೊಟ್ಟು ಅದನ್ನು ಬೆಳೆಸುತ್ತಿದ್ದೇನೆ ಎಂದು ಮುಂದಿನ ಮಾತು. ನೇಮಕವಾದರೆ ಕೆಲಸಕ್ಕೆ ನ್ಯಾಯ ಸಲ್ಲಿಸಬಲ್ಲೆನೆಂಬ ಪೂರ್ಣ ಭರವಸೆ ಇದೆ. ದಯವಿಟ್ಟು ಹುದ್ದೆ ಕೊಡಬೇಕು. ತಮ್ಮ ಅತ್ಯಂತ ವಿಧೇಯ ಸೇವಕ.

ಇದರಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದನ್ನು ನೋಡಬೇಕು. ಹಿಂದಿನ ವರ್ಷ, 1911ರಲ್ಲಿ, ಗಣಿತ ಸಂಘದ ಪತ್ರಿಕೆಯಲ್ಲಿ ಬರ್ನೂಲಿ ಸಂಖ್ಯೆಗಳ ಮೇಲೆ ಅವರ ಲೇಖನ ಅಚ್ಚಾಗಿತ್ತು. ಆ ವಿಷಯ ಅರ್ಜಿಯಲ್ಲಿಲ್ಲ. ಕಲೆಕ್ಟರರೊಬ್ಬರು ತಿಂಗಳು ತಿಂಗಳು ಹಣ ಕೊಡುವಷ್ಟು ಮೆಚ್ಚಿದ್ದರು, ಅದೂ ಇಲ್ಲ. ನೋಟುಬುಕ್ಕುಗಳ ಮಾತೇ ಇಲ್ಲ. ತಿರುಕೋಯಿಲೂರಿನ ಪಾಠ ಅವರಿಗೆ ನೆನಪಿತ್ತೋ, ಅಥವಾ ಪತ್ರ ಬರೆಯಲು ಸಲಹೆ ಕೊಟ್ಟ ಸ್ನೇಹಿತರಿಗೆ ಲೋಕಜ್ಞಾನವಿತ್ತೋ, ಅಂತೂ ಲೆಕ್ಕಪತ್ರ ಬರೆಯುವ ಗುಮಾಸ್ತೆ ಬೇಕಾಗಿದ್ದವನಿಗೆ ಅಂಕಿಸಂಖ್ಯೆಗಳಲ್ಲಿ ಮುಳುಗಿರುವವನು ಎಂಬುದಷ್ಟನ್ನೇ ಹೇಳಿ ಬಿಟ್ಟಿದ್ದಾರೆ. ನಪಾಸಾದೆ ಎಂದೂ ಬರೆದಿಲ್ಲ, ಪಾಸಾದೆ ಎಂದು ಸುಳ್ಳೂ ಹೇಳಿಲ್ಲ. ಎಲ್ಲಿಯವರೆಗೆ ಓದಿದ್ದು ಎಂಬುದನ್ನು ಹೇಳಿ, ಮುಂದೆ ಓದಲಾಗದ್ದನ್ನು ಅರ್ಧ ವಾಕ್ಯದಲ್ಲಿ ಮುಗಿಸಿ, 'ಆದರೂ' ಎಂದು ಮುಂದಕ್ಕೆ ಹೋಗಿದ್ದಾರೆ. ಈ 'ಆದರೂ' ಎಂಬ ಒಂದು ಪದಕ್ಕೆ ನಾವು ಬಳ್ಳಾರಿಯ ಹುಡುಗನ ಮುಂದೆ ಕಾಲು ಗಂಟೆ ಉಪನ್ಯಾಸ ಕೊಟ್ಟೆವು.

ಓದುವವನಿಗೆ ಬೇಕಾದದ್ದನ್ನು ಮುಂದಿಟ್ಟು, ತನಗೆ ಪ್ರಿಯವಾದದ್ದನ್ನು ಹಿಂದಿಡುವ ಈ ಜಾಣ್ಮೆ ಹಳೆಯದು. 1482ರ ಸುಮಾರಿಗೆ ಲಿಯೊನಾರ್ಡೊ ಡ ವಿಂಚಿ ಮಿಲಾನಿನ ಲುಡೋವಿಕೊ ಸ್ಫೋರ್ಜಾನಿಗೆ ಬರೆದ ಕೆಲಸದ ಅರ್ಜಿಯ ಕರಡು ಮಿಲಾನಿನ ಪುಸ್ತಕ ಭಂಡಾರದಲ್ಲಿ ಈಗಲೂ ಇದೆ. ಸ್ಫೋರ್ಜಾನಿಗೆ ಬೇಕಾಗಿದ್ದದ್ದು ಯುದ್ಧದ ಸಾಮಗ್ರಿ. ಆದ್ದರಿಂದ ಅರ್ಜಿಯ ತುಂಬ ಹೊತ್ತೊಯ್ಯಬಹುದಾದ ಸೇತುವೆಗಳು, ಫಿರಂಗಿಗಳು, ಮುಚ್ಚಿದ ರಥಗಳು. ಶಾಂತಿಕಾಲದಲ್ಲಿ ಕಟ್ಟಡ ಕಟ್ಟಬಲ್ಲೆ, ಶಿಲ್ಪ ಮಾಡಬಲ್ಲೆ, ಹಾಂ, ಚಿತ್ರವನ್ನೂ ಬರೆಯಬಲ್ಲೆ ಎಂದು ಕೊನೆಯಲ್ಲಿ ಬರುತ್ತದೆ. ಆ ಕರಡಿನ ಅಕ್ಷರವೂ ಅವನದಲ್ಲವಂತೆ, ಯಾರಿಂದಲೋ ಬರೆಸಿದ್ದು. ಹಾಗಿರುವಾಗ ಸಂಘದ ಹುಡುಗರು ನಮ್ಮಿಂದ ಬರೆಸುವುದರಲ್ಲಿ ಅವಮಾನವೇನೂ ಇಲ್ಲ.

ರಾಮಾನುಜನ್ನರ ಅರ್ಜಿಯ ಜೊತೆಗೆ ಇನ್ನೊಂದು ಹಾಳೆಯೂ ಇತ್ತು. ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಇ. ಡಬ್ಲ್ಯು. ಮಿಡ್ಲ್‌ಮಾಸ್ಟ್ ಅವರ ಶಿಫಾರಸು. ಈ ಯುವಕನಿಗೆ ಗಣಿತದಲ್ಲಿ ಅಸಾಧಾರಣ ಶಕ್ತಿಯಿದೆ, ಅಂಕಿಗಳಲ್ಲಿ ಚುರುಕು ಎಂಬುದು ಅದರ ಸಾರ. ತಾನು ಹೇಳಿಕೊಳ್ಳಬಾರದ ಮಾತನ್ನು ಇನ್ನೊಬ್ಬರಿಂದ ಹೇಳಿಸುವುದಕ್ಕೇ ಲಗತ್ತು ಎಂಬುದು ಇರುವುದು. ನಮ್ಮ ಹುಡುಗನ ಪತ್ರದಲ್ಲಿ ಇದು ತಿರುವುಮುರುವಾಗಿತ್ತು. ಹೊಗಳಿಕೆಯೆಲ್ಲ ಅವನದೇ ಬಾಯಲ್ಲಿ, ಅವನ ಬಗ್ಗೆ ಇನ್ನೊಬ್ಬರು ಹೇಳಿದ್ದು ಒಂದಕ್ಷರವೂ ಇಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಆ ಅರ್ಜಿ ತನ್ನ ಬಲದಿಂದಲೇ ಗೆದ್ದಿತೆಂದು ಹೇಳಿದರೆ ಚರಿತ್ರೆಗೆ ಅಪಚಾರ. ಪೋರ್ಟ್ ಟ್ರಸ್ಟಿನಲ್ಲಿ ಅಧ್ಯಕ್ಷ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರ ಬಲಗೈಯಂತಿದ್ದವರು ಎಸ್. ನಾರಾಯಣ ಅಯ್ಯರ್. ಈ ನಾರಾಯಣ ಅಯ್ಯರ್ ಗಣಿತ ಸಂಘದ ಖಜಾಂಚಿ! ರಾಮಚಂದ್ರರಾಯರ ಮಾತೂ ಆ ಕಚೇರಿಯಲ್ಲಿ ನಡೆಯುತ್ತಿತ್ತು. ಬಾಗಿಲು ಆಗಲೇ ಅರ್ಧ ತೆರೆದಿತ್ತು. ಅರ್ಜಿ ಮಾಡಿದ ಕೆಲಸವೆಂದರೆ ಆ ಬಾಗಿಲಲ್ಲಿ ಎಡವದೆ ಒಳಗೆ ಹೋದದ್ದು. ಆದರೆ ಫೈಲಿನ ರೂಢಿ ಬಲ್ಲವರು ಇದನ್ನು ಸಣ್ಣ ಕೆಲಸ ಎನ್ನಲಾರರು. ಮೇಲಿನವರು ಎಷ್ಟೇ ಒಪ್ಪಿದ್ದರೂ ಕಡತದಲ್ಲಿ ಒಂದು ನೆಟ್ಟಗಿನ ಕಾಗದ ಬೇಕು. ಅದು ಸರಿಯಿಲ್ಲದೆ ನಿಂತುಹೋದ ಕೆಲಸಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಅಂಥ ಅಯ್ಯರ್, ರಾಯರು ಇಲ್ಲದ ಎಷ್ಟು ಜನ ಗಣಿತಜ್ಞರು ಎಷ್ಟು ಊರುಗಳಲ್ಲಿ ಉತ್ತರ ಬರದೆ ಕೂತಿದ್ದರೋ, ಅವರ ಲೆಕ್ಕ ಯಾವ ದಫ್ತರದಲ್ಲೂ ಇಲ್ಲ.

1912ರ ಮಾರ್ಚ್ 1ರಂದು ರಾಮಾನುಜನ್ ಕೆಲಸಕ್ಕೆ ಹಾಜರಾದರು. ಮೂರನೆಯ ವರ್ಗ, ನಾಲ್ಕನೆಯ ದರ್ಜೆಯ ಗುಮಾಸ್ತೆ, ತಿಂಗಳಿಗೆ 30 ರೂಪಾಯಿ. ಇಂದಿನ ರಾಜಾಜಿ ಸಾಲೈ, ಆಗಿನ ಫಸ್ಟ್ ಲೈನ್ ಬೀಚಿನ ಕಡೆ ನಾವು ಬಸ್ಸಿನಲ್ಲಿ ಹೋಗುವಾಗಲೆಲ್ಲ ಬಂದರಿನ ಕಡೆ ಒಮ್ಮೆ ನೋಡುತ್ತೇವೆ. ಸಾಮಾನು ಕಟ್ಟಿ ಬರುತ್ತಿದ್ದ ಕಾಗದವನ್ನು ಆಯ್ದು ಅದರ ಮೇಲೆ ಅವರು ಲೆಕ್ಕ ಮಾಡುತ್ತಿದ್ದರಂತೆ. ರಾತ್ರಿ ನಾರಾಯಣ ಅಯ್ಯರ್ ಜೊತೆ ಸ್ಲೇಟು ಹಿಡಿದು ಕೂರುತ್ತಿದ್ದರಂತೆ. ನಮ್ಮ ಸೆಕ್ಷನ್ನಿನಲ್ಲಿ ಯಾರಾದರೂ ಕಚೇರಿಯ ಕಾಗದದ ಮೇಲೆ ಸ್ವಂತ ಕೆಲಸ ಮಾಡಿದರೆ ಮೆಮೊ ಬರುತ್ತದೆ.

ಗುಮಾಸ್ತೆ ಕೆಲಸ ಸಿಕ್ಕಿದ ಮೇಲೆ ಅವರು ಬರೆದ ಇನ್ನೊಂದು ಪತ್ರವನ್ನು ಲೋಕವೆಲ್ಲ ಬಲ್ಲದು. ಮೊದಲನೆಯ ಅರ್ಜಿಯಾದ ಹನ್ನೊಂದು ತಿಂಗಳಿಗೆ, 1913ರ ಜನವರಿ 16ರಂದು, ಕೇಂಬ್ರಿಜ್ಜಿನ ಜಿ. ಎಚ್. ಹಾರ್ಡಿಯವರಿಗೆ ಬರೆದದ್ದು. ಅದಕ್ಕೆ ಮುಂಚೆ ಕೇಂಬ್ರಿಜ್ಜಿನ ಇನ್ನಿಬ್ಬರು ದೊಡ್ಡ ಗಣಿತಜ್ಞರಾದ ಬೇಕರ್ ಮತ್ತು ಹಾಬ್ಸನ್ ಅವರಿಗೂ ಬರೆದಿದ್ದರು, ನೆರವು ದೊರೆತಿರಲಿಲ್ಲ. ಮೂರನೆಯ ಸಲ ಬರೆಯಲು ಎಷ್ಟು ಗಟ್ಟಿ ಮನಸ್ಸು ಬೇಕು ಎಂಬುದು ಕೆಲಸ ಹುಡುಕಿದವರಿಗೆ ಗೊತ್ತು.

ಈ ಪತ್ರದ ಮೊದಲ ವಾಕ್ಯದಲ್ಲಿಯೇ ಅವರು ತಮ್ಮನ್ನು ಮದರಾಸು ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ಶಾಖೆಯ ಗುಮಾಸ್ತೆಯೆಂದು ಪರಿಚಯಿಸಿಕೊಂಡಿದ್ದಾರೆ, ಸಂಬಳ ವರ್ಷಕ್ಕೆ 20 ಪೌಂಡು ಮಾತ್ರ, ವಯಸ್ಸು ಸುಮಾರು 23 ಎಂದಿದ್ದಾರೆ. ಗುಮಾಸ್ತೆಯ ಚಟದಿಂದ ನಾವು ಇದನ್ನು ಲೆಕ್ಕ ಹಾಕಿ ನೋಡಿದೆವು. ತಿಂಗಳಿಗೆ 30 ರೂಪಾಯಿಯಂತೆ ವರ್ಷಕ್ಕೆ 360. ಆಗ ಪೌಂಡಿಗೆ 15 ರೂಪಾಯಿ, ಅಂದರೆ 24 ಪೌಂಡಾಗಬೇಕು. ವಯಸ್ಸೂ ಆಗ 25 ತುಂಬಿತ್ತು. ಶತಮಾನದ ಮಹಾ ಗಣಿತಜ್ಞನ ಪತ್ರದ ಮೊದಲ ಸಾಲುಗಳಲ್ಲೇ ಎರಡು ಅಂಕಿ ತಪ್ಪು! ನಮ್ಮ ಕಚೇರಿಯಲ್ಲಾಗಿದ್ದರೆ ಆಕ್ಷೇಪಣೆ ಬರೆದು ವಾಪಸು ಕಳಿಸುತ್ತಿದ್ದೆವು. ಹಾರ್ಡಿಯವರು ಸದ್ಯ ಸೆಕ್ಷನ್ ಆಫೀಸರರಾಗಿರಲಿಲ್ಲ.

ಪೋರ್ಟ್ ಟ್ರಸ್ಟಿಗೆ ಬರೆದದ್ದಕ್ಕೂ ಇದಕ್ಕೂ ಇರುವ ಅಂತರವನ್ನು ನೋಡಬೇಕು. ಅಲ್ಲಿ ಗಣಿತಕ್ಕೆ ಒಂದು ವಾಕ್ಯ, ಇಲ್ಲಿ ಪುಟಗಟ್ಟಲೆ ಸೂತ್ರಗಳು, ನೂರಕ್ಕೂ ಮೇಲೆ. ಅಲ್ಲಿ ಓದು ನಿಂತದ್ದನ್ನು ತೇಲಿಸಿದವರು ಇಲ್ಲಿ ತನಗೆ ವಿಶ್ವವಿದ್ಯಾಲಯದ ಶಿಕ್ಷಣವಿಲ್ಲವೆಂದು ನೇರವಾಗಿ ಹೇಳಿ, ತಾನೇ ಒಂದು ಹೊಸ ದಾರಿ ಕಡಿದುಕೊಂಡಿದ್ದೇನೆ ಎನ್ನುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು, ಹಾರ್ಡಿಯವರು ಬರೆದ 'ಆರ್ಡರ್ಸ್ ಆಫ್ ಇನ್ಫಿನಿಟಿ' ಎಂಬ ಪುಸ್ತಿಕೆಯ 36ನೆಯ ಪುಟವನ್ನು ಎತ್ತಿ ತೋರಿಸುತ್ತಾರೆ. ಒಂದು ಸಂಖ್ಯೆಗಿಂತ ಕೆಳಗೆ ಎಷ್ಟು ಅವಿಭಾಜ್ಯ ಸಂಖ್ಯೆಗಳಿವೆ ಎಂಬುದಕ್ಕೆ ಖಚಿತ ಸೂತ್ರವಿಲ್ಲವೆಂದು ಹಾರ್ಡಿ ಅಲ್ಲಿ ಬರೆದಿದ್ದರು. ನನ್ನ ಬಳಿ ನಿಜಕ್ಕೆ ಬಹಳ ಹತ್ತಿರವಾದ ಒಂದು ಸೂತ್ರವಿದೆ ಎಂದರು ರಾಮಾನುಜನ್. ಯಾರಿಗೆ ಬರೆಯುತ್ತಿದ್ದೇವೋ ಅವರು ಬರೆದದ್ದನ್ನು ಓದಿ, ಅಲ್ಲಿಂದ ಮಾತು ಶುರುಮಾಡುವುದು! ಬಿ.ಎಸ್ಸಿ. ಓದಿದ ನಮಗೆ ಈ ಜಾಗದಲ್ಲಿ ಮೈ ಜುಮ್ಮೆನ್ನುತ್ತದೆ. ವಿಚಿತ್ರವೆಂದರೆ ಆ ಸೂತ್ರ ಅವರು ಭಾವಿಸಿದಷ್ಟು ಕರಾರುವಾಕ್ಕಾಗಿರಲಿಲ್ಲ, ಅವಿಭಾಜ್ಯ ಸಂಖ್ಯೆಗಳ ವಿಷಯದಲ್ಲಿ ಅವರು ಎಡವಿದ್ದರು. ಆದರೆ ಉಳಿದ ಸೂತ್ರಗಳು ಹಾರ್ಡಿಯವರನ್ನು ಹಿಡಿದು ನಿಲ್ಲಿಸಿದವು. ಲಿಟಲ್‌ವುಡ್ ಜೊತೆ ರಾತ್ರಿ ಕೂತು ನೋಡಿದ ಮೇಲೆ, ಇವು ನಿಜವೇ ಇರಬೇಕು, ಸುಳ್ಳಾಗಿದ್ದರೆ ಇಂಥವನ್ನು ಕಲ್ಪಿಸುವ ಶಕ್ತಿ ಯಾರಿಗೂ ಇರಲಾರದು ಎಂಬ ತೀರ್ಮಾನಕ್ಕೆ ಬಂದರು. ಫೆಬ್ರವರಿ 8ರಂದು ಉತ್ತರ ಬರೆದರು. ಪತ್ರದ ಇಂಗ್ಲಿಷು ಪೂರ್ತಿ ರಾಮಾನುಜನ್ನರದಲ್ಲ, ಯಾರದೋ ನೆರವಿದೆ ಎಂದೂ ಹಾರ್ಡಿಯವರಿಗೆ ಅನ್ನಿಸಿತ್ತು. ಅದರಿಂದ ಏನೂ ಕೆಡಲಿಲ್ಲ.

ನಮ್ಮ ಮಟ್ಟಿಗೆ ಇವೆರಡಕ್ಕಿಂತ ದೊಡ್ಡ ಪತ್ರ ಮೂರನೆಯದು. ಹಾರ್ಡಿಯವರ ಉತ್ತರಕ್ಕೆ ರಾಮಾನುಜನ್ 1913ರ ಫೆಬ್ರವರಿ 27ರಂದು ಬರೆದದ್ದು. ಹಾರ್ಡಿ ಪ್ರಮಾಣಗಳನ್ನು ಕೇಳಿದ್ದರು. ರಾಮಾನುಜನ್ ಹೇಳಿದ್ದು ಬೇರೆ. ನಾನು ಈಗಾಗಲೇ ಅರೆಹೊಟ್ಟೆಯ ಮನುಷ್ಯ, ಬುದ್ಧಿ ಉಳಿಯಬೇಕಾದರೆ ಊಟ ಬೇಕು, ಅದೇ ಈಗ ಮೊದಲ ಚಿಂತೆ, ನಿಮ್ಮಿಂದ ಸಹಾನುಭೂತಿಯ ಒಂದು ಪತ್ರ ಬಂದರೆ ಇಲ್ಲಿ ವಿಶ್ವವಿದ್ಯಾಲಯದಿಂದಲೋ ಸರ್ಕಾರದಿಂದಲೋ ವಿದ್ಯಾರ್ಥಿವೇತನ ದೊರಕಲು ಸಹಾಯವಾಗುತ್ತದೆ. ಏನು ಬೇಕು, ಯಾರಿಂದ ಬೇಕು, ಅದರಿಂದ ಏನಾಗುತ್ತದೆ, ಮೂರೂ ಸ್ಪಷ್ಟ. ಬೆಗ್ಗು, ಒಬೀಡಿಯೆಂಟು ಎಲ್ಲ ಹಿಂದೆ ಬಿದ್ದುಹೋಗಿವೆ. ಇದೇ ಪತ್ರದಲ್ಲಿ, ಒಂದು ಎರಡು ಮೂರು ಎಂದು ಕೊನೆಯಿಲ್ಲದೆ ಕೂಡಿದರೆ ಋಣ ಹನ್ನೆರಡರ ಒಂದಂಶ ಎಂದು ಬರೆದು, ಇದನ್ನು ಹೇಳಿದರೆ ನೀವು ನನಗೆ ಹುಚ್ಚಾಸ್ಪತ್ರೆಯ ದಾರಿ ತೋರಿಸುತ್ತೀರಿ ಎಂದು ತಮಾಷೆಯನ್ನೂ ಮಾಡಿದ್ದಾರೆ. ಪತ್ರ ಓದುವವನು ಗೆಳೆಯನಾದ ಮೇಲೆ ಬರುವ ಧ್ವನಿ ಇದು.

ಅದೇ ವಾರದಲ್ಲಿ ಹವಾಮಾನ ಇಲಾಖೆಯ ಮುಖ್ಯಸ್ಥ ಗಿಲ್ಬರ್ಟ್ ವಾಕರ್ ಮದರಾಸಿಗೆ ಬಂದಿದ್ದರು. ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರಿಗೆ ತಮ್ಮ ಗುಮಾಸ್ತೆಯ ಕೆಲಸವನ್ನು ತೋರಿಸಿದರು. ವಾಕರ್ ಸ್ವತಃ ಕೇಂಬ್ರಿಜ್ಜಿನ ಗಣಿತಜ್ಞರು. ವಿಶ್ವವಿದ್ಯಾಲಯಕ್ಕೆ ಕೂಡಲೇ ಪತ್ರ ಬರೆದರು. ಪದವಿಯಿಲ್ಲದವನಿಗೆ ಸಂಶೋಧನ ವೇತನ ಕೊಡಲು ನಿಯಮ ಅಡ್ಡಬರುತ್ತಿತ್ತು. ಅದನ್ನು ದಾಟಿ 1913ರ ಮೇ ತಿಂಗಳಿನಿಂದ ತಿಂಗಳಿಗೆ 75 ರೂಪಾಯಿ, ಎರಡು ವರ್ಷ. 20, 25, 30, 75. ಗುಮಾಸ್ತೆಯ ಕಣ್ಣಿಗೆ ಈ ನಾಲ್ಕು ಅಂಕಿಗಳಲ್ಲೇ ಅವರ ಆ ಎರಡು ವರ್ಷದ ಬದುಕು ಕಾಣುತ್ತದೆ. 1914ರ ಮಾರ್ಚ್ 17ರಂದು ಇದೇ ಮದರಾಸಿನ ಬಂದರಿನಿಂದ ಅವರು ಇಂಗ್ಲೆಂಡಿಗೆ ಹಡಗು ಹತ್ತಿದರು. ಮುಂದಿನದನ್ನು ಶಾಲೆಯ ಪುಸ್ತಕಗಳೂ ಹೇಳುತ್ತವೆ. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1920ರ ಏಪ್ರಿಲ್ 26ರಂದು ಮೂವತ್ತೆರಡನೆಯ ವಯಸ್ಸಿನಲ್ಲಿ ಸಾವು.

ಅವರ ಜೀವನವನ್ನು ಬಲ್ಲವರಿಂದ ಕೇಳಿ ಸಂಗ್ರಹಿಸಿ 1967ರಲ್ಲಿ ಪುಸ್ತಕ ಮಾಡಿದವರು ಎಸ್. ಆರ್. ರಂಗನಾಥನ್. ಗ್ರಂಥಾಲಯ ಶಾಸ್ತ್ರದ ಈ ಪಿತಾಮಹರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ಅರ್ಜಿಯ ಮಾತು ಬಂದದ್ದರಿಂದ ಅವರದೂ ಒಂದು ಹೇಳಿಬಿಡುತ್ತೇವೆ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ರಂಗನಾಥನ್ 1923ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರ ಹುದ್ದೆಗೆ ಅರ್ಜಿ ಹಾಕಿದ್ದರು. ಅರ್ಜಿಗಳು ಬಂದದ್ದು ಸುಮಾರು 900. ಸಂದರ್ಶನಕ್ಕೆ ಕರೆ ಬರುವ ಹೊತ್ತಿಗೆ ಅರ್ಜಿ ಹಾಕಿದ್ದೇ ಅವರಿಗೆ ಮರೆತುಹೋಗಿತ್ತಂತೆ! ವಿಶ್ವಕೋಶದಲ್ಲಿ ಗ್ರಂಥಾಲಯದ ಬಗ್ಗೆ ಇದ್ದ ಲೇಖನವೊಂದನ್ನು ಓದಿಕೊಂಡು ಹೋದರು, ಆಯ್ಕೆಯಾದರು. ಎಲ್ಲ ಅರ್ಜಿಗಳಿಗೂ ಒಂದೇ ನ್ಯಾಯವಿಲ್ಲ ಎನ್ನುವುದಕ್ಕೆ ಇದೊಂದು ಸಾಕು.

ನಮ್ಮದೂ ಒಂದು ಅರ್ಜಿಯ ಕಥೆಯಿದೆ, ಅಷ್ಟು ಗೌರವದ್ದಲ್ಲ. ಬಿ.ಎಸ್ಸಿ. ಮುಗಿಸಿ ಊರಲ್ಲಿದ್ದಾಗ ಡಿ.ಟಿ.ಪಿ. ಅಂಗಡಿಯಲ್ಲಿ ಒಂದೇ ಪತ್ರವನ್ನು ಕಂಪನಿಯ ಹೆಸರು ಬದಲಾಯಿಸಿ ಬದಲಾಯಿಸಿ ಹನ್ನೊಂದು ಕಡೆಗೆ ಕಳಿಸಿದೆವು. ಒಂದು ಔಷಧ ಕಾರ್ಖಾನೆಗೆ ಹೋದ ಪತ್ರದಲ್ಲಿ, ಬಣ್ಣ ತಯಾರಿಸುವ ಇನ್ನೊಂದು ಕಂಪನಿಯಲ್ಲಿ ಸೇವೆ ಸಲ್ಲಿಸುವುದೇ ನಮ್ಮ ಬಾಲ್ಯದ ಕನಸು ಎಂಬ ಸಾಲು ಹಾಗೆಯೇ ಉಳಿದಿತ್ತು. ಅಲ್ಲಿಂದ ಯಾರೋ ಪುಣ್ಯಾತ್ಮರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಪತ್ರವನ್ನೇ ಹಿಂದಕ್ಕೆ ಕಳಿಸಿದರು. ಉಳಿದ ಹತ್ತು ಕಡೆಯವರು ಅಷ್ಟೂ ಮಾಡಲಿಲ್ಲ. ಆಮೇಲೆ ಪರೀಕ್ಷೆ ಬರೆದು, ಯಾರಿಗೂ ಯಾವ ಪತ್ರವನ್ನೂ ಬರೆಯದೆ, ನಮೂನೆಯ ಚೌಕಗಳನ್ನು ತುಂಬಿಸಿ ಇಲ್ಲಿಗೆ ಬಂದೆವು.

ಇದನ್ನೆಲ್ಲ ಕೇಳಿದ ಹುಡುಗ ಕೇಳಿದ್ದು ಒಂದೇ ಪ್ರಶ್ನೆ. "ಸಾರ್, ರಾಮಾನುಜನ್ ಅವರಿಗೆ ಹಂಗ ಬರದ್ರೂ ನಡೀತು. ನನಗ ನಡೀತೈತೇನು?" ನಡೆಯುತ್ತದೆ ಎಂದು ಹೇಳುವ ಅಧಿಕಾರ ನಮಗಿರಲಿಲ್ಲ. ಆ ಎರಡು ವರ್ಷ ಏನೇನು ಮಾಡಿದೆ ಎಂದು ಮಾತ್ರ ಕೇಳಿದೆವು. ತಂದೆಯವರ ಕಿರಾಣಿ ಅಂಗಡಿಯ ಖಾತೆಯನ್ನು ಅವನೇ ಬರೆಯುತ್ತಿದ್ದನಂತೆ. ಉದ್ರಿ ವಸೂಲು, ಜಿ.ಎಸ್.ಟಿ. ಲೆಕ್ಕ, ಆಸ್ಪತ್ರೆಯ ಬಿಲ್ಲು, ವಿಮೆಯವರ ಹಿಂದೆ ಓಡಾಟ ಎಲ್ಲ ಅವನದೇ. ಅರ್ಜಿ ಹಾಕುತ್ತಿದ್ದದ್ದು ಲೆಕ್ಕಪತ್ರದ ಸಹಾಯಕನ ಹುದ್ದೆಗೆ! ಅದನ್ನು ಮಾತ್ರ ಆ ಪುಟದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ವಾಚನಾಲಯದ ಮೇಜಿನ ಮೇಲೆ ಅವನೇ ಕೂತು ಬರೆದ. ನಾವು ಎರಡು ಕಡೆ ಕಾಗುಣಿತ ತಿದ್ದಿದೆವು, ಅಷ್ಟೆ. ತಂದೆಯ ಅನಾರೋಗ್ಯದ ನಿಮಿತ್ತ ಎರಡು ವರ್ಷ ಊರಲ್ಲಿದ್ದೆ, ಆದರೂ ಆ ಅವಧಿಯಲ್ಲಿ ನಮ್ಮ ಅಂಗಡಿಯ ಪೂರ್ತಿ ಲೆಕ್ಕವನ್ನು ನಾನೇ ನೋಡಿಕೊಂಡೆ ಎಂದು ಒಂದು ವಾಕ್ಯ. ಅಂಗಡಿಗೆ ತೆರಿಗೆ ಲೆಕ್ಕ ನೋಡುವ ಆಡಿಟರರಿಂದ ಒಂದು ಪತ್ರ ತರಿಸಿ ಲಗತ್ತಿಸುತ್ತೇನೆಂದ. ಒಟ್ಟು ಏಳು ವಾಕ್ಯವಾಯಿತು, ರಾಮಾನುಜನ್ನರದಕ್ಕಿಂತ ತುಸು ಉದ್ದ. ಹೋದ ಬುಧವಾರ ಕಳಿಸಿದನಂತೆ. ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ಉತ್ತರ ಬಂದಿಲ್ಲ.